ಐದು ಡಿಸ್ಕು, ಒಂದು ಖಂಡೇಪೂಜೆ

ವಾದದಲ್ಲಿ ಗೆದ್ದರೆ ಆಮೇಲೆ ಆ ಗೆದ್ದ ಮಾತನ್ನು ನಡೆಸಿ ತೋರಿಸುವ ಕೆಲಸವೂ ನಮ್ಮ ಕೊರಳಿಗೇ ಬೀಳುತ್ತದೆ ಅನ್ನುವುದನ್ನು ಯಾವ ಚರ್ಚಾಸ್ಪರ್ಧೆಯೂ ನನಗೆ ಕಲಿಸಿರಲಿಲ್ಲ. ವಿಜಾಪುರದ ಕಾಲೇಜಿನಲ್ಲಿ ಮೂರು ವರ್ಷ ನಾನು ಮಾಡಿದ್ದು ಒಂದೇ. ಚೀಟಿ ಎತ್ತುವುದು, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಐದು ನಿಮಿಷ ಎದುರಿನವರ ಬಾಯಿ ಮುಚ್ಚಿಸುವುದು, ಗೆದ್ದ ಕಪ್ ಹಿಡಿದು ಮನೆಗೆ ಬರುವುದು. ಮಾತು ನಿಜವೋ ಸುಳ್ಳೋ ಎಂದು ಮರುದಿನ ಬಂದು ಕೇಳುವವರು ಯಾರೂ ಇರಲಿಲ್ಲ.

ಆ ಬಾಯನ್ನೇ ಹೊತ್ತುಕೊಂಡು, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಬಸವನ ಬಾಗೇವಾಡಿಯ ಒಂದು ಆಸ್ಪತ್ರೆಗೆ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಆಸ್ಪತ್ರೆಯವರದೇ ಮೂರು ಸಣ್ಣ ದವಾಖಾನೆಗಳು ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿದ್ದವು. ತೊಂದರೆ ಏನೆಂದರೆ, ರೋಗಿಗಳು ಊರೂರು ತಿರುಗುತ್ತಿದ್ದರು, ಅವರ ಕೇಸ್ ಪೇಪರ್ ಮಾತ್ರ ತಿರುಗುತ್ತಿರಲಿಲ್ಲ. ತಾಂಬಾದ ಹೆಣ್ಣುಮಗಳು ಇಂಡಿಯಲ್ಲಿ ತೋರಿಸಿಕೊಂಡು, ಬಾಣಂತನಕ್ಕೆ ಮುದ್ದೇಬಿಹಾಳದ ತವರಿಗೆ ಹೋದರೆ ಅಲ್ಲಿಯ ಡಾಕ್ಟರಿಗೆ ಅವಳು ಹೊಸ ರೋಗಿ. ಹಿಂದೆ ಏನು ಕೊಟ್ಟಿದ್ದರು ಎಂದು ಕೇಳಿದರೆ ಉತ್ತರ ‘ಕೆಂಪನ್ನ ಗುಳಿಗಿ’. ಅದಕ್ಕೇ ನಾಲ್ಕೂ ಊರಿನ ಕೇಸ್ ಪೇಪರುಗಳನ್ನು ಬಾಗೇವಾಡಿಯ ಒಂದು ಕಡೆ ಇಟ್ಟು, ಉಳಿದ ಮೂರು ಊರಿನವರು ಫೋನ್ ಲೈನಿನ ಮೇಲೆ ನೋಡುವಂತೆ ಮಾಡಬೇಕೆಂದು ದೊಡ್ಡ ಡಾಕ್ಟರು ನಿರ್ಧರಿಸಿದ್ದರು. ಅವರು ಹೆಣ್ಣುಮಗಳು, ಮಾತು ಕಡಿಮೆ. ಯೋಜನೆ ಮಾಡುವುದು ನನ್ನ ಪಾಲಿಗೆ ಬಂತು.

ಒಂದೇ ಸರ್ವರ್ ಇಟ್ಟರೆ ಅದು ಕೆಟ್ಟ ದಿನ ನಾಲ್ಕೂ ಊರು ಕುರುಡು. ಆದ್ದರಿಂದ ಎರಡು ಸರ್ವರ್, ಎರಡರ ನಡುವೆ ಹಂಚಿಕೆಯ ಒಂದು ಡಿಸ್ಕಿನ ಪೆಟ್ಟಿಗೆ. ಒಂದು ಸರ್ವರ್ ಸತ್ತರೆ ಇನ್ನೊಂದು ಅದೇ ಪೆಟ್ಟಿಗೆಯನ್ನು ಹಿಡಿದು ಕೆಲಸ ಮುಂದುವರಿಸಬೇಕು. ಇದನ್ನು ನಾನು ಸಭೆಯಲ್ಲಿ ವಿವರಿಸುವಾಗ ರಿಕಾರ್ಡ್ ಕೋಣೆಯ ಕಾಕಾ ಮೂಲೆಯಲ್ಲಿ ಕೂತಿದ್ದರು. ಮುಳವಾಡದ ಕಡೆಯ ಒಕ್ಕಲುತನದ ಮನೆಯವರು, ಮೂವತ್ತು ವರ್ಷದಿಂದ ಆಸ್ಪತ್ರೆಯ ಕಾಗದ ಕಾಯ್ದವರು. ನನಗೆ ಮೊದಲ ವಾರವೇ ‘ವಕೀಲ ಬಾಯಾರು’, ಅಂದರೆ ವಕೀಲ ಅಮ್ಮನವರು, ಎಂದು ಹೆಸರಿಟ್ಟಿದ್ದರು.

“ಅಲ್ರೀ ವಕೀಲ ಬಾಯಾರ, ಮಷೀನ್ ಎರಡು ತಂದ್ರಿ, ಖರೆ. ಬರದದ್ದೆಲ್ಲಾ ಒಂದ ಪೆಟ್ಟಿಗ್ಯಾಗ ಅಂತೀರಿ. ಅಂದ್ರ ಅಣ್ಣತಮ್ಮಂದಿರು ಇಬ್ರು, ಬಾವಿ ಒಂದ ಆತಿಲ್ಲೋ?”

“ಹೌದ್ರಿ ಕಾಕಾ, ಒಂದ ಬಾವಿ. ಎರಡು ತೋಡಿದ್ರ ಯಾವುದರಾಗ ಹೊಸ ನೀರು, ಯಾವುದರಾಗ ಹಳೇದು ಅಂತ ಹುಡುಕೂದ ಒಂದು ಕೆಲಸ ಆಕ್ಕೇತಿ.”

“ಇಬ್ರೂ ಒಮ್ಮೆಲೇ ನೀರು ಎತ್ತಾಕ ಹತ್ತಿದ್ರ?”

ಇಂಥ ಜೋಡಣೆಯ ನಿಜವಾದ ಭಯವೇ ಅದು. ನಡುವಿನ ತಂತಿ ಕಡಿದರೆ ಎರಡೂ ಸರ್ವರುಗಳು ಇನ್ನೊಂದು ಸತ್ತಿತೆಂದು ತಿಳಿದು ಒಂದೇ ಡಿಸ್ಕಿನ ಮೇಲೆ ಬರೆಯತೊಡಗುತ್ತವೆ, ಬರೆದದ್ದೆಲ್ಲ ಕಲಸಿ ಹೋಗುತ್ತದೆ. ಇದನ್ನು ಹೇಗೆ ತಡೆಯಬೇಕೆಂದು ನಾನಿನ್ನೂ ಪೂರ್ತಿ ಕೂಡಿಸಿರಲಿಲ್ಲ.

“ನಮ್ಮ ಹೊಲದಾಗ ಹಂಗಾ ಇತ್ತು,” ಕಾಕಾ ಅಂದರು. “ಪಾಳಿ ಯಾರದೈತಿ, ಸ್ಟಾರ್ಟರ್ ಪೆಟ್ಟಿಗಿ ಕೀಲಿ ಅವನ ಮನ್ಯಾಗ. ಕೀಲಿ ಇಲ್ದಾಂವ ಬಾಯಿ ಎಷ್ಟರ ಮಾಡ್ಲಿ, ನೀರು ಬರಂಗಿಲ್ಲ.”

ಅದೇ ಉಪಾಯ. ಪೆಟ್ಟಿಗೆಯಲ್ಲಿ ಒಂದು ಸಣ್ಣ ಭಾಗವನ್ನು ಕೀಲಿಗೆಂದೇ ಬಿಟ್ಟೆ. ಅದನ್ನು ಯಾವ ಸರ್ವರ್ ಹಿಡಿದಿದೆಯೋ ಅದರದೇ ಪಾಳಿ, ಇನ್ನೊಂದು ಸುಮ್ಮನೆ ಕಾಯಬೇಕು. ವರದಿಯಲ್ಲಿ ಇದನ್ನು ದೊಡ್ಡ ದೊಡ್ಡ ಪದಗಳಲ್ಲಿ ಬರೆದೆ. ಕಾಕಾನ ಹೆಸರು ಎತ್ತಲಿಲ್ಲ.

ಇನ್ನು ಡಿಸ್ಕುಗಳು. ಪೆಟ್ಟಿಗೆಯಲ್ಲಿ ಐದು ಖಾನೆ, ಐದು ಡಿಸ್ಕು. ಬರೆದದ್ದನ್ನು ಐದಕ್ಕೂ ಹೇಗೆ ಹಂಚಿಟ್ಟಿರುತ್ತದೆಂದರೆ, ಯಾವುದೇ ಒಂದು ಸತ್ತರೂ ಉಳಿದ ನಾಲ್ಕು ಸೇರಿ ಸತ್ತದ್ದರ ಪಾಲನ್ನು ಮರಳಿ ಹೇಳುತ್ತವೆ. ಇಷ್ಟು ಭದ್ರ ಇರುವಾಗ ಕೈಯಿಂದ ಕೇಸ್ ಪೇಪರ್ ಬರೆಯುವುದು ಯಾಕೆ? ಹಣ ಸಾಲದಾಗ ಟೇಪಿನಲ್ಲಿ ನಕಲು ತೆಗೆಯುವ ಯಂತ್ರವಾದರೂ ಈಗಲೇ ಯಾಕೆ? ಎರಡನ್ನೂ ನಾನೇ ವಿರೋಧಿಸಿದೆ.

“ಐದೂ ಒಮ್ಮೆ ಹ್ವಾದ್ರ?” ಕಾಕಾ ಕೇಳಿದರು.

“ಐದೂ ಒಮ್ಮೆ ಹೋಗಬೇಕಂದ್ರ ಆಸ್ಪತ್ರಿನ ಹೋಗಬೇಕ್ರಿ ಕಾಕಾ. ಆವಾಗ ಕೇಸ್ ಪೇಪರ್ ಹುಡುಕಾಕ ನಾವರ ಎಲ್ಲಿರ್ತೇವಿ?”

ಎಲ್ಲರೂ ನಕ್ಕರು. ನಗಿಸಿದವನದೇ ಗೆಲುವು ಎಂಬುದು ಸ್ಪರ್ಧೆಯ ಹಳೆಯ ಪಾಠ. ಆದರೂ ಮುದ್ರೆ ಒತ್ತಿಬಿಡೋಣವೆಂದು, ಎಲ್ಲ ಜೋಡಿಸಿ ಚಾಲೂ ಆದ ದಿನ, ಎಲ್ಲರನ್ನೂ ಕೋಣೆಗೆ ಕರೆದು, ಓಡುತ್ತಿರುವ ಪೆಟ್ಟಿಗೆಯಿಂದ ಒಂದು ಡಿಸ್ಕನ್ನು ಸರ್ರನೆ ಹೊರಗೆಳೆದೆ. ಕೆಂಪು ದೀಪ ಹತ್ತಿತು. ಸಿಂದಗಿಗೆ ಫೋನ್ ಹಚ್ಚಿ ನರ್ಸಮ್ಮನಿಗೆ “ನಿಮ್ಮಲ್ಲೇನರ ಆತೇನ್ರಿ?” ಅಂದೆ. “ಏನಾಗಬೇಕಿತ್ರೀ?” ಅಂದರು. ಡಿಸ್ಕನ್ನು ಮತ್ತೆ ಅದರ ಖಾನೆಗೆ ತಳ್ಳಿದೆ. ಕಾಕಾ ಕನ್ನಡಕ ಏರಿಸಿ, “ಹೊರಗ ತಗದ್ರೂ ಏನೂ ಆಗಂಗಿಲ್ಲ ಅಂತೀರಿ ಹಂಗಾರ,” ಎಂದರು. “ಏನೂ ಆಗಂಗಿಲ್ಲ,” ಎಂದೆ.

ಮರುದಿನದಿಂದ ಕಾಗದ ಬಂದ್. ಎಂಟು ತಿಂಗಳು ಎಲ್ಲ ಸುಸೂತ್ರ ನಡೆಯಿತು. ಎಂಟು ತಿಂಗಳ ನಾಲ್ಕು ಊರಿನ ರೋಗಿಗಳ ಕೇಸ್ ಪೇಪರ್ ಎಂದರೆ ಆ ಐದು ಡಿಸ್ಕು, ಮತ್ತೆ ಬೇರೆಲ್ಲೂ ಒಂದಕ್ಷರವಿಲ್ಲ.

ಆಮೇಲೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಮಹಾನವಮಿಯ ದಿನ ನಮ್ಮ ಕಡೆ ದುಡಿಯುವ ಸಾಮಾನೆಲ್ಲ ಒಂದು ಹೊತ್ತು ಕೆಲಸ ಬಿಡುತ್ತದೆ. ಕುಡಗೋಲು, ಕೊಡಲಿ, ಟ್ರಾಕ್ಟರ್, ಹೊಲಿಗೆ ಮಷೀನು, ಆಪರೇಷನ್ನಿನ ಕತ್ತರಿ. ಸರ್ವರ್ ಕೋಣೆಗೂ ಪೂಜೆ ಆಗಬೇಕೆಂದು ಕಾಕಾ ಕೇಳಿದರು. ಯಂತ್ರಕ್ಕೆ ಭಕ್ತಿಯೇ ತಿಳಿಯದಿರುವಾಗ ಪೂಜೆ ಯಾರಿಗೆ ಎಂದು ನಾನು ಅರ್ಧ ಗಂಟೆ ವಾದಿಸಿದೆ. ಅವರು ಪೂರ್ತಿ ಕೇಳಿ, “ನೀವ ಬರಬ್ಯಾಡ್ರಿ. ಬಂದ್ ಮಾಡೂದು, ಚಾಲೂ ಮಾಡೂದು ಬರದ ಕೊಡ್ರಿ, ಸಾಕು,” ಅಂದರು. ಡಾಕ್ಟರೂ ತಲೆಯಾಡಿಸಿದರು, ಅವತ್ತು ಹೇಗೂ ತುರ್ತು ರೋಗಿಗಳು ಮಾತ್ರ. ಎಂಟು ಸಾಲು ಬರೆದು ಕೊಟ್ಟೆ. ಮೊದಲು ಸರ್ವರುಗಳನ್ನು ಬಂದ್ ಮಾಡಬೇಕು, ಆಮೇಲೆ ಪೆಟ್ಟಿಗೆ. ಹಚ್ಚುವಾಗ ಪೆಟ್ಟಿಗೆ ಮೊದಲು, ದೀಪಗಳೆಲ್ಲ ಮಿಟುಕುವುದು ನಿಂತ ಮೇಲೆ ಸರ್ವರ್. ಪೂಜೆಯ ಹೊತ್ತಿಗೆ ಬೇಕೆಂತಲೇ ಬಾಡಿಗೆ ಕೋಣೆಯಲ್ಲಿ ಕಾಲು ಚಾಚಿ ಓದುತ್ತ ಕೂತೆ.

ಹತ್ತೂವರೆಗೆ ಮನೆಯೊಡತಿ ಕೂಗಿದರು, ಆಸ್ಪತ್ರೆಯಿಂದ ಫೋನು. ಡಾಕ್ಟರು ಒಂದೇ ಮಾತು ಹೇಳಿದರು: “ಬಾ.”

ಕೋಣೆಯಲ್ಲಿ ಊದಿನಕಡ್ಡಿಯ ಹೊಗೆ. ಕಾಕಾ ಕೀಬೋರ್ಡಿನಿಂದ ಎರಡು ಮಾರು ದೂರ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಇತ್ತು. ಡಿಸ್ಕುಗಳ ಹಳೆಯ ಜೋಡಣೆ ಸಿಗುತ್ತಿಲ್ಲ, ಹೊಸದಾಗಿ ಜೋಡಿಸಲೇ, ಹೌದೋ ಅಲ್ಲವೋ? ಹೌದು ಅಂದಿದ್ದರೆ ಎಂಟು ತಿಂಗಳು ಅಳಿಸಿ ಹೋಗುತ್ತಿತ್ತು.

“ಏನೂ ಒತ್ತಿಲ್ಲಲ್ರಿ?”

“ನೀವು ಬರದ್ರಾಗ ಇದು ಇಲ್ರಿ. ಇಲ್ಲದ್ದನ್ನ ನಾ ಯಾಕ ಒತ್ಲಿ?”

ಅಷ್ಟು ಕೇಳಿ ಪ್ರಶ್ನೆಗೆ ‘ಅಲ್ಲ’ ಒತ್ತಿ, ಸರ್ವರನ್ನೂ ಪೆಟ್ಟಿಗೆಯನ್ನೂ ಬಂದ್ ಮಾಡಿದೆ. ಆಮೇಲೆ ಪೆಟ್ಟಿಗೆ ನೋಡಿದೆ. ಐದೂ ಡಿಸ್ಕಿನ ಹಿಡಿಕೆಯ ಮೇಲೆ ಮೂರು ಮೂರು ಬೆರಳಿನ ವಿಭೂತಿ. ಹಿಡಿಕೆಗೆ ಹಾಗೆ ಅಚ್ಚುಕಟ್ಟಾಗಿ ಬೆರಳಾಡಿಸಬೇಕಾದರೆ ಡಿಸ್ಕು ಹೊರಗೇ ಬರಬೇಕು.

“ಕಾಕಾ, ಹೊರಗ ತಗದ್ರೇನು?”

“ತಗದೀನ್ರಿ. ಮತ್ತ? ಕೋಣಿ ಬಾಗಲಕ್ಕ ವಿಭೂತಿ ಹಚ್ಚಿ ಒಳಗಿನ ಕುಡಗೋಲ ಹಂಗ ಬಿಡ್ತಾರೇನು? ಒಂದೊಂದ ತಗದು, ಒರಸಿ, ಹಚ್ಚಬೇಕು. ಎಲ್ಲಾ ಮತ್ತ ಇದ್ದಲ್ಲೇ ಇಟ್ಟೇನಿ. ಹೊರಗ ತಗದ್ರ ಏನೂ ಆಗಂಗಿಲ್ಲ ಅಂತ ನೀವ ತೋರ್ಸಿದ್ರಲ್ಲ, ಎಲ್ಲಾರ ಮುಂದ.”

ಒಂದನ್ನು ತೆಗೆದು ಅದರ ಖಾನೆಯಲ್ಲೇ ಇಟ್ಟರೆ ಏನೂ ಆಗುವುದಿಲ್ಲ. ಐದನ್ನೂ ತೆಗೆದು ಖಾನೆ ಅದಲುಬದಲು ಮಾಡಿದರೆ ಆ ಪೆಟ್ಟಿಗೆಗೆ ತಲೆಬುಡ ತಿಳಿಯುವುದಿಲ್ಲ. ನಾನು ತೋರಿಸಿದ್ದು ಮೊದಲನೆಯದು, ಹೇಳಿಕೊಂಡದ್ದು ಎರಡರದೂ.

ಸರಿ, ಯಾವ ಡಿಸ್ಕು ಯಾವ ಖಾನೆಯದು? ಪ್ರತಿ ಡಿಸ್ಕಿನ ಮೇಲೂ ಒಂದು ಉದ್ದನೆಯ ನಂಬರ್ ಇರುತ್ತದೆ. ಆ ನಂಬರುಗಳ ಪಟ್ಟಿಯನ್ನು ಖಾನೆ ಸಮೇತ ನಾನು ಚೊಕ್ಕಟವಾಗಿ ಬರೆದಿಟ್ಟಿದ್ದೆ. ಎಲ್ಲಿ ಅಂದರೆ, ಅದೇ ಡಿಸ್ಕುಗಳ ಒಳಗೆ. ಕಾಗದದ ವಿರೋಧಿ ನಾನು. ಪೆಟ್ಟಿಗೆ ಮಾರಿದವರಿಗೆ ಫೋನ್ ಹಚ್ಚಿದರೆ ಹಬ್ಬದ ರಜೆ, ಗಂಟೆ ಹೊಡೆದು ಹೊಡೆದು ನಿಂತಿತು. ಒಂದೊಂದೇ ಜೋಡಣೆ ಹಚ್ಚಿ ನೋಡೋಣವೆಂದರೆ ಐದು ಡಿಸ್ಕಿಗೆ ನೂರಿಪ್ಪತ್ತು ಬಗೆ. ಮೇಲಾಗಿ ತಪ್ಪು ಜೋಡಣೆಯನ್ನು ಪೆಟ್ಟಿಗೆ ಒಪ್ಪಿಕೊಂಡುಬಿಟ್ಟರೆ ತಾನೇ ‘ದುರಸ್ತಿ’ಗೆ ಶುರು ಮಾಡಿ, ಸರಿ ಇದ್ದದ್ದನ್ನೂ ಕೆಡಿಸುತ್ತದೆ. ಒಂದೇ ಸಲ, ಸರಿಯಾಗಿ ಇಡಬೇಕು.

ಅಷ್ಟರಲ್ಲಿ ಮುದ್ದೇಬಿಹಾಳದಿಂದ ಡಾಕ್ಟರಿಗೆ ಫೋನು. ತಂಗಡಗಿ ಕಡೆಯ ಒಬ್ಬ ಕುರಿಗಾಹಿ ಕಾಲಿನ ಕುರುವಿಗೆ ಕೀವು ತುಂಬಿಕೊಂಡು ಬಂದಿದ್ದಾನೆ. ಹಿಂದೊಮ್ಮೆ ಇಂಡಿಯಲ್ಲಿ ಯಾವುದೋ ಇಂಜೆಕ್ಷನ್ನಿಗೆ ಮೈಯೆಲ್ಲ ಬಾತು ಉಸಿರು ಕಟ್ಟಿತ್ತಂತೆ. ಯಾವುದೆಂದರೆ ಅವನಿಗೆ ಗೊತ್ತಿಲ್ಲ, “ಬಿಳೇದಿತ್ರಿ” ಎನ್ನುತ್ತಾನೆ. ಇಂಡಿಯವರು ಬರೆದದ್ದು ಕಂಪ್ಯೂಟರಿನಲ್ಲಿ. ಸಂಜೆಯ ತನಕ ತಡೆಯಬಹುದು, ಅದಕ್ಕಿಂತ ಹೆಚ್ಚು ಬೇಡ, ಅಂದರು ಅಲ್ಲಿಯವರು.

ನಾನು ಕಾಕಾನನ್ನು ಹಿಡಿದುಕೊಂಡೆ.

“ಮೊದಲ ಎಡಗಡೇದು ತಗದ್ರೋ?”

“ಹೂಂ, ಇರಬೇಕ್ರಿ.”

“ಮಧ್ಯದ್ದಲ್ಲ ಅಂದ್ರ?”

“ಅಲ್ಲರಿ.”

“ಮತ್ತ ಈಗ ಅಂದ್ರಲ್ಲ, ಎಲ್ಲಾ ಇದ್ದಲ್ಲೇ ಇಟ್ಟೇನಿ ಅಂತ! ಎಡಗಡೇದು ಮೊದಲ ತಗದಿದ್ರ ಕೊನೀಗೆ ಬಲಗಡೇದು ಬರಬೇಕಿಲ್ಲೋ?”

“ಬರಬೇಕ್ರಿ.”

“ಬಂತೋ ಇಲ್ಲೋ?”

ಎಷ್ಟು ಕೇಳಿದೆನೋ ಅಷ್ಟು ಬಗೆಯ ಉತ್ತರ ಬಂತು, ಎಲ್ಲದಕ್ಕೂ ಕೊನೆಗೆ ‘ಹೌದ್ರಿ’. ಡಾಕ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಬಂದರು.

“ತಂಗಿ, ನೀ ಕೇಳಾಕತ್ತಿದ್ದು ಅವರಿಗಿ ನೆನಪ ಮಾಡ್ಸಾಕೋ, ಸೋಲ್ಸಾಕೋ?”

ಸೋಲಿಸಲಿಕ್ಕೇ ಎಂಬುದು ನನಗೆ ಗೊತ್ತಿತ್ತು. ಅವರ ಮಾತಿನಲ್ಲಿ ತಪ್ಪು ಹಿಡಿದರೆ ನನ್ನ ಪಾಲು ಹಗುರಾಗುತ್ತದೆಂಬ ಆಸೆ.

ಆಮೇಲೆ ಕಾಕಾನೇ ಮೆಲ್ಲಗೆ, “ಬಾಯಿಲೆ ಕೇಳಿದ್ರ ನನಗ ಬರಂಗಿಲ್ರಿ. ಕೈಯಾಗ ಏನರ ಕೊಡ್ರಿ,” ಅಂದರು.

ಸ್ಟೋರಿನಿಂದ ಐದು ಕೆಂಪು ಸಾಬೂನು ತಂದೆವು. ತಳದಲ್ಲಿ ಪೆನ್ನಿನಿಂದ ಒಂದರಿಂದ ಐದು ಬರೆದು, ಎಡದಿಂದ ಬಲಕ್ಕೆ ಒಂದು ಪುಸ್ತಕದ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದೆ. ನಂಬರ್ ಅವರಿಗೆ ಕಾಣುವಂತಿರಲಿಲ್ಲ. “ಮುಂಜಾನೆ ಮಾಡಿದ್ಹಂಗ ಮಾಡ್ರಿ.”

“ದೀಪ ಹಚ್ಚಲೇನ್ರಿ? ದೀಪ ಇಲ್ದ ಕೈ ಓಡಂಗಿಲ್ಲ.”

“ಹಚ್ರಿ,” ಅಂದೆ. ಆ ಹೊತ್ತಿನಲ್ಲಿ ಡೊಳ್ಳು ಬೇಕೆಂದಿದ್ದರೂ ತರಿಸುತ್ತಿದ್ದೆ.

ಕಾಕಾ ಕೈಕಾಲು ತೊಳೆದು ಬಂದರು. ಡಾಕ್ಟರು ಹಾಳೆ ಹಿಡಿದು ಸ್ಟೂಲಿನ ಮೇಲೆ ಕೂತರು. ಕಪಾಟಿನ ಬಲದ ತುದಿಯಿಂದ, ಶುಭ ಕೆಲಸ ಬಲದಿಂದಲೇ ಶುರು, ಒಂದೊಂದೇ ಸಾಬೂನು ತೆಗೆದು ಎಡಗೈ ಮೇಲಿನ ಟವೆಲ್ಲಿನಲ್ಲಿ ಒಂದರ ಮೇಲೊಂದು ಪೇರಿಸಿದರು. ಬಲದ ತುದಿಯದು ತಳಕ್ಕೆ ಹೋಯಿತು, ಎಡದ ತುದಿಯದು ಮೇಲೆ ಬಂತು. ಮಣೆಯ ಮುಂದೆ ಕೂತು ಮೇಲಿನಿಂದ ಎತ್ತಿ, ಮತ್ತೆ ಬಲದಿಂದಲೇ ಸಾಲಾಗಿ ಇಟ್ಟರು. ಅಲ್ಲಿಗೇ ಸಾಲು ತಿರುಗುಮುರುಗು ಆಗಿತ್ತು. ಅವರಿಗೆ ಅದರ ಅರಿವೇ ಇಲ್ಲ. ವಿಭೂತಿ, ಹೂವು, ಊದಿನಕಡ್ಡಿ, ಸುಳ್ಳೇ ಕಾಯಿ ಒಡೆದಂತೆ ಕೈಸನ್ನೆ. ಆಮೇಲೆ ಎದ್ದು, ಮತ್ತೆ ಬಲದಿಂದಲೇ ಒಂದೊಂದಾಗಿ ಎತ್ತಿ ಕಪಾಟಿನ ಬಲದ ತುದಿಯಿಂದ ಇಡತೊಡಗಿದರು. ಮೊದಲನೆಯದು, ಎರಡನೆಯದು. ಮೂರನೆಯ ಸಾಬೂನು ಕೈಗೆ ಬಂದೊಡನೆ ಅವರು ಕಪಾಟಿನತ್ತ ಹೋಗದೆ ಕಿಟಕಿಯತ್ತ ಹೋಗಿ ಅದನ್ನು ಬಿಸಿಲಿಗಿಟ್ಟು, ವಾಪಸ್ ಬಂದು ಉಳಿದೆರಡನ್ನು ಇಟ್ಟರು. ಕೊನೆಗೆ ಕಿಟಕಿಯದನ್ನು ತಂದು ಎಡದ ತುದಿಗೆ ಉಳಿದಿದ್ದ ಜಾಗದಲ್ಲಿ ನಿಲ್ಲಿಸಿದರು.

“ಕಾಕಾ, ಅದನ್ಯಾಕ ಕಿಟಕ್ಯಾಗ ಇಟ್ರಿ?”

“ಅದಕ್ಕ ಕಾಯಿ ನೀರು ಸಿಡಿದಿತ್ತಲ್ರಿ. ಒಣಗ್ಲಿ ಅಂತ...” ಎಂದವರು ತಾವೇ ಬೆಚ್ಚಿ ನಿಂತರು. “ಯಪ್ಪಾ! ಇದು ನನಗ ನೆನಪ ಇರಲಿಲ್ರಿ.”

ಡಿಸ್ಕಿನ ಮೇಲೆ ತೆಂಗಿನಕಾಯಿ ನೀರು! ನನಗೆ ಕೂಗಬೇಕೆನಿಸಿತು, ಕೂಗಲಿಲ್ಲ. ಸಾಬೂನುಗಳ ತಳ ನೋಡಿ ಡಾಕ್ಟರು ಓದಿದರು: ಎಡದಿಂದ ಮೂರು, ಐದು, ನಾಲ್ಕು, ಎರಡು, ಒಂದು.

ನನ್ನ ಸಂಶಯ ಅಷ್ಟಕ್ಕೆ ತಣಿಯುವ ಜಾತಿಯದಲ್ಲ. ಇನ್ನೆರಡು ಸಲ ಮಾಡಿಸಿದೆ. “ದೇವರಿಗೂ ಬ್ಯಾಸರಾದೀತ್ರಿ,” ಎಂದು ಗೊಣಗುತ್ತಲೇ ಮಾಡಿದರು. ಎರಡೂ ಸಲ ಅದೇ ಸಾಲು, ಎರಡೂ ಸಲ ಮೂರನೆಯದು ಕಿಟಕಿಗೆ. ಆದರೂ ಇದು ಅವರ ಕೈಯ ಸಾಕ್ಷಿ, ಡಿಸ್ಕಿನ ಸಾಕ್ಷಿ ಬೇಕಲ್ಲ? ಪೆಟ್ಟಿಗೆಯ ಎಡದ ತುದಿಯ ಡಿಸ್ಕನ್ನು ಹೊರಗೆಳೆದು ಬೆಳಕಿಗೆ ಹಿಡಿದೆ. ಲೋಹದ ಅಂಚಿನ ಮೇಲೆ ಒಣಗಿದ ಎರಡು ಹನಿಯ ಗುರುತು, ಬೆರಳಿಟ್ಟರೆ ಅಂಟು, ಅದಕ್ಕೆ ಹತ್ತಿಕೊಂಡ ಕಾಯಿನಾರಿನ ಒಂದು ಎಳೆ. ಉಳಿದ ನಾಲ್ಕರಲ್ಲಿ ಎಲ್ಲೂ ಇಲ್ಲ.

ಇಂಥ ಪುರಾವೆಗೆ ಯಾವ ತೀರ್ಪುಗಾರನೂ ಅಡ್ಡ ಮಾತಾಡಲಾರ. ನೀರು ಬಿದ್ದ ಮೂರನೆಯ ಡಿಸ್ಕನ್ನು ಬದಿಗಿಟ್ಟೆ. ಅದು ಒಳಗೆ ಹೇಗಿದೆಯೋ ಯಾರು ಬಲ್ಲರು, ಹಚ್ಚಿ ನೋಡುವ ಜರೂರೂ ಇರಲಿಲ್ಲ. ಒಂದು ಇಲ್ಲದಿದ್ದರೂ ನಾಲ್ಕು ಸಾಕೆಂದು ನಾನು ಸಭೆಯಲ್ಲಿ ಕೂಗಿದ್ದು ಕಡೇಪಕ್ಷ ಸುಳ್ಳಾಗಿರಲಿಲ್ಲ. ಉಳಿದ ನಾಲ್ಕನ್ನು ಅವುಗಳ ಖಾನೆಗೆ ತಳ್ಳಿ, ನಡುವಿನ ಖಾನೆ ಖಾಲಿ ಬಿಟ್ಟು, ಪೆಟ್ಟಿಗೆಯ ಗುಂಡಿ ಒತ್ತಿದೆ.

ದೀಪಗಳು ಹಳದಿಯಾಗಿ ಮಿಟುಕಿದವು. ಮಿಟುಕುತ್ತಲೇ ಇದ್ದವು. ಡಾಕ್ಟರು ಗಡಿಯಾರ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕಾಕಾನ ತುಟಿ ಅಲುಗುತ್ತಿತ್ತು. ಒಂದು ಹಸಿರಾಯಿತು. ಎರಡು. ಮೂರನೆಯದಕ್ಕೆ ಯುಗವಾಯಿತು. ನಾಲ್ಕು! ಸರ್ವರ್ ಹಚ್ಚಿದೆ. ಪರದೆಯಲ್ಲಿ ಆ ಹಾಳು ಪ್ರಶ್ನೆ ಬರಲಿಲ್ಲ. ಒಂದು ಡಿಸ್ಕು ಕಾಣುತ್ತಿಲ್ಲ ಎಂಬ ದೂರು ಮಾತ್ರ ಬಂತು. ಅಷ್ಟು ಸಿಹಿಯಾದ ದೂರನ್ನು ನಾನು ಮತ್ತೆ ಓದಿಲ್ಲ. ಮೊದಲ ಸರ್ವರ್ ಕೀಲಿ ಹಿಡಿದು ತನ್ನ ಪಾಳಿ ಶುರು ಮಾಡಿತು, ಇನ್ನೊಂದು ಕಾಯುತ್ತ ಕೂತಿತು.

ಇಂಡಿಯ ಪಟ್ಟಿ ತೆರೆದು ಕುರಿಗಾಹಿಯ ಊರು, ವಯಸ್ಸು ಹುಡುಕಿದೆ. ಅವನ ಕೇಸ್ ಪೇಪರ್ ಬಂತು. ಡಾಕ್ಟರು ನನ್ನ ಹೆಗಲ ಮೇಲಿಂದ ಬಾಗಿ ಓದಿ, ಮುದ್ದೇಬಿಹಾಳಕ್ಕೆ ಫೋನ್ ಹಚ್ಚಿ, ಯಾವ ಇಂಜೆಕ್ಷನ್ ಕೊಡಬಾರದೆಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಆ ಕಡೆಯವರು ತಿರುಗಿ ಹೇಳಿದರು. “ಹೂಂ, ಅದ. ಅದನ್ನ ಬಿಟ್ಟು ಬ್ಯಾರೇದು ಕೊಡ್ರಿ,” ಎಂದು ಫೋನ್ ಇಟ್ಟು, ಆ ಸ್ಟೂಲಿನ ಮೇಲೆ ಕೂತು ಅವರು ನಕ್ಕರು. ಮಾತು ಕಡಿಮೆಯ ಆ ಹೆಣ್ಣುಮಗಳು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಕಾಕಾ ನಗಲಿಲ್ಲ. “ಹ್ವಾತಂತ ತಿಳಿದಿದ್ದೆ, ಬಾಯಾರ,” ಅಂದರು. “ಮೂವತ್ತು ವರ್ಷ ಒಂದ ಹಾಳಿ ಕಳದಿಲ್ಲ. ಇವತ್ತ ಎಲ್ಲಾ ಒಮ್ಮೆಲೇ ಕಳದ್ನಲ್ಲಾ ಅಂತ.”

“ಕಳದಾಕಿ ನಾನ್ರಿ ಕಾಕಾ,” ಅಂದೆ. “ನೀವಲ್ಲ. ಐದೂ ತಗೀಬಾರದಂತ ನಾ ಬರೀಲಿಲ್ಲ, ನಕಲೂ ಇಡಲಿಲ್ಲ. ‘ಐದೂ ಒಮ್ಮೆ ಹ್ವಾದ್ರ’ ಅಂತ ಆ ದಿನ ನೀವು ಕೇಳಿದ್ದು ಬರೋಬ್ಬರಿ ಇತ್ತು.”

“ಯಾವ ದಿನ?”

ಅವರಿಗೆ ನೆನಪಿರಲಿಲ್ಲ. ನನ್ನ ಮೇಲೆ ಗೆಲ್ಲಲಿಕ್ಕೆ ಕೇಳಿದ್ದರೆ ತಾನೇ ನೆನಪಿರುವುದು!

ಟೇಪಿನ ಯಂತ್ರಕ್ಕೆ ಡಾಕ್ಟರು ಅಲ್ಲೇ ಸಹಿ ಹಾಕಿದರು. ಆದರೆ ಅದು ಬರುವ ತನಕ ಕಾಯುವ ಧೈರ್ಯ ನನಗಿರಲಿಲ್ಲ. ಹಳೆಯ ಪ್ರಿಂಟರಿಗೆ ಕಾಗದದ ದಪ್ಪ ಕಟ್ಟು ಹಾಕಿ, ಎಂಟು ತಿಂಗಳ ಕೇಸ್ ಪೇಪರುಗಳನ್ನು ಮೊದಲಿನಿಂದ ಒಂದೂ ಬಿಡದೆ ಅಚ್ಚು ಹಾಕಲು ಕೊಟ್ಟೆ. ಕರಕರನೆ ಸದ್ದು ಶುರುವಾಯಿತು. ಕಾಕಾ ನೆಲದ ಮೇಲೆ ಚಾಪೆ ಹಾಸಿ ಕೂತು, ಬಂದ ಹಾಳೆ ಹರಿದು ಹರಿದು ಇಂಡಿಯದು, ಸಿಂದಗಿಯದು, ಮುದ್ದೇಬಿಹಾಳದ್ದು, ಬಾಗೇವಾಡಿಯದು ಎಂದು ನಾಲ್ಕು ಗುಡ್ಡೆ ಹಾಕತೊಡಗಿದರು. ಅವರ ಮುಖಕ್ಕೆ ಬಣ್ಣ ಮರಳಿತು.

“ನೀವು ಊರಿಗಿ ಹೋಗಂಗಿಲ್ಲೇನ್ರಿ? ನಾಳಿ ಬನ್ನಿ ಮುಡಿಯೂ ಹಬ್ಬ.”

“ಇದು ಮುಗೀಲಿ.”

“ಇದು ನಾಳಿ ಮಟಾ ಮುಗಿಯಂಗಿಲ್ಲ. ಕಾಗದ ತೀರಿದ್ರ ಕಾಗದ ಹಾಕೂದು, ಕರೆಂಟ್ ಹ್ವಾದ್ರ ಬರೂ ಮಟಾ ಕುಂಡ್ರೂದು. ನಡೀರಿ ನೀವು, ಮೂರರ ಬಸ್ ಸಿಗತೈತಿ.”

ಹಾಗೆ ಒಬ್ಬರ ಕೈಗೆ ಬಿಟ್ಟು ಹೋಗುವ ಅಭ್ಯಾಸ ನನಗಿರಲಿಲ್ಲ. ಚೀಲ ಹೆಗಲಿಗೇರಿಸಿ, ಬಾಗಿಲ ತನಕ ಹೋಗಿ, ತಿರುಗಿ ನೋಡಿದೆ. ಅವರು ಆಗಲೇ ನನ್ನನ್ನು ಮರೆತು ಒಂದು ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಯಾವ ಊರಿನದೆಂದು ಓದುತ್ತಿದ್ದರು.

ನಮ್ಮೂರಿಗೆ ಹೋಗುವ ಸಿಂದಗಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಟಿಕೆಟ್ ತೆಗೆಸಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಕಂಡಕ್ಟರ್ ಸೀಟಿನ ಬೆನ್ನು ಬಡಿದು, “ಏಳ್ರೀ ಅಕ್ಕಾರ, ಊರು ಬಂತು, ಎಷ್ಟ್ ನಿದ್ದಿ ಮಾಡ್ತೀರಿ!” ಅಂದಾಗ ಬಸ್ಸಿನಲ್ಲಿ ಇಳಿಯದೆ ಉಳಿದವಳು ನಾನೊಬ್ಬಳೇ.